ಹಬೆ ಕೋಣೆಯ ಮಾತ್ರೆ

ಇಸ್ತ್ರಿಯಕ್ಕ ಪೆಟ್ಟಿಗೆ ಎತ್ತಿದರೆ ಅಂಗಿಯ ಸುಕ್ಕು ಹಾಗಿರಲಿ, ಮೇಸ್ತ್ರಿಯ ಹಣೆಯ ಗಂಟೂ ಸಡಿಲವಾಗುತ್ತಿತ್ತು. ಅವಳು ದುಡಿಯುತ್ತಿದ್ದ ಬಟ್ಟೆ ಕಾರ್ಖಾನೆಯ ಹಬೆ ಕೋಣೆಯಲ್ಲಿ ಎಂಥ ಸೆಕೆಯೆಂದರೆ, ಯಮ ಬಂದರೂ ಬಾಗಿಲಲ್ಲೇ ಬೆವರು ಒರೆಸಿಕೊಂಡು ವಾಪಸಾಗಬೇಕು. ತಲೆ ಸುತ್ತುವುದು, ವಾಂತಿಯಾಗುವುದು ಅಲ್ಲಿ ದಿನದ ಮಾತು. ಹಾಗಾದವರಿಗೆ ಮೇಸ್ತ್ರಿ ಜೇಬಿನಿಂದ ಒಂದು ಬಿಳಿ ಮಾತ್ರೆ ತೆಗೆದು ಕೊಡುತ್ತಿದ್ದ. ಏನು ಮಾತ್ರೆ ಎಂದು ಅವನೂ ಹೇಳಲಿಲ್ಲ, ಇವರೂ ಕೇಳಲಿಲ್ಲ.

ಆ ಬೇಸಿಗೆ ಇಸ್ತ್ರಿಯಕ್ಕನಿಗೆ ಹೊಟ್ಟೆ ತೊಳಸಿತು, ತಲೆ ಸಿಡಿಯಿತು. ಹಬೆಯೇ ಇರಬೇಕೆಂದು ವಾರಗಟ್ಟಲೆ ಮಾತ್ರೆ ನುಂಗಿದಳು. ಅದು ಹಬೆಯಲ್ಲ, ಬಸುರು ಎಂದು ತಿಳಿಯುವಷ್ಟರಲ್ಲಿ ಮೂರನೇ ತಿಂಗಳು ಕಳೆಯುತ್ತ ಬಂದಿತ್ತು.

ಮಗಳು ಹುಟ್ಟಿದಳು. ಪಕ್ಕದ ಬೀದಿಯ ನಾಯಿಗಳೂ ಬಾಯಿ ಮುಚ್ಚುವಂತೆ ಅತ್ತಳು. ಎಡಗೈ ಮಾತ್ರ ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿತ್ತು.

"ಕಂಡಕಂಡದ್ದನ್ನೆಲ್ಲ ನುಂಗಿದ್ರೆ ಇನ್ನೇನಾಗುತ್ತೆ ಅತ್ತಿಗೆ?" ಎಂದಳು ನಾದಿನಿ. ಗಂಡ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದ. ಅದೇ ಹೆಚ್ಚು ಸುಟ್ಟಿತು.

ಡಾಕ್ಟರು ಮಾತ್ರೆಯ ಹೆಸರು ಕೇಳಿದರು. ಅವಳು ಮೇಸ್ತ್ರಿಯನ್ನು ಕೇಳಿದಳು.

"ಅಂಗಡಿಯವನು ಏನು ಕೊಟ್ಟನೋ ಅದು ಕಣಮ್ಮ. ಹೆಸರು ಯಾರು ನೋಡ್ತಾರೆ?"

ಬರಿಗೈಯಲ್ಲಿ ಮತ್ತೆ ಡಾಕ್ಟರ ಮುಂದೆ ನಿಂತಳು. "ನನ್ನಿಂದ್ಲೇ ಆಯ್ತಾ? ಹೂಂ ಅಂದ್ರೂ ತಡ್ಕೋತೀನಿ, ಒಂದು ಮಾತು ಹೇಳಿಬಿಡಿ."

"ಆಗಿರಬಹುದು, ಆಗದೇನೂ ಇರಬಹುದು. ಏನೂ ನುಂಗದವರಿಗೂ ಇಂಥ ಮಕ್ಕಳು ಹುಟ್ತಾರಮ್ಮ. ಗೊತ್ತಿಲ್ಲದ್ದನ್ನ ಹೇಗೆ ಹೇಳ್ಲಿ?"

ಹೌದು ಎಂದಿದ್ದರೆ ಅತ್ತು ಮುಗಿಸುತ್ತಿದ್ದಳು, ಇಲ್ಲ ಎಂದಿದ್ದರೆ ನಾದಿನಿಯ ಜುಟ್ಟು ಹಿಡಿಯುತ್ತಿದ್ದಳು. ಎರಡೂ ದಕ್ಕಲಿಲ್ಲ. ದಿನಾ ಆ ಪುಟ್ಟ ಕೈಯನ್ನು ತಿಕ್ಕಿದಳು, ಮಡಿಸಿದಳು, ಚಾಚಿದಳು. ಲೋಕದ ಸುಕ್ಕನ್ನೆಲ್ಲ ತೆಗೆದವಳಿಗೆ ಅದೊಂದು ಕೈಯನ್ನು ನೆಟ್ಟಗೆ ಮಾಡಲಾಗಲಿಲ್ಲ.

ಮಗಳು ಬೆಳೆದಳು. ಜಗಳಕ್ಕೆ ನಿಂತರೆ ಅವಳ ಬಲಗೈ ಒಂದೇ ಹತ್ತು ಜನರನ್ನು ಅಟ್ಟುತ್ತಿತ್ತು. ಒಂದು ಸಂಜೆ ಶಾಲೆಯ ಚೀಲ ಇಳಿಸುತ್ತಲೇ ಕೇಳಿದಳು:

"ನನ್ನ ಕೈ ಹಾಳು ಮಾಡಿದ್ದು ನೀನೇ ಅಂತೆ. ಅತ್ತೆ ಹೇಳಿದ್ರು. ನಿಜಾನಾ?"

ಇಸ್ತ್ರಿಯಕ್ಕ ಹಬೆ, ಮಾತ್ರೆ, ಡಾಕ್ಟರು ಎಲ್ಲವನ್ನೂ ಹೇಳಿದಳು. "ನನ್ನಿಂದ್ಲೋ ಅಲ್ವೋ, ನಿಜವಾಗ್ಲೂ ಗೊತ್ತಿಲ್ಲ ಕಣೇ."

ಮಗಳು ಜೋತುಬಿದ್ದ ಎಡಗೈಯನ್ನು ಬಲಗೈಯಿಂದ ಎತ್ತಿ ಹಿಡಿದಳು. "ನಿನ್ನ ತಲೆನೋವಾದ್ರೂ ಹೋಯ್ತಾ?"

"ಇಲ್ಲ."

ಮಗಳು ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಚಿಲಕ ಹಾಕುವುದಕ್ಕೆ ಅವಳಿಗೆ ಒಂದು ಕೈಯೇ ಸಾಕಿತ್ತು.