ಹಲ್ಲು ಕಟ್ಟುವವನ ಐದನೆಯ ಕೆಲಸ

ಯಾವ ಕೆಲಸಕ್ಕೆ ಸೇರಿದರೂ ಮೊದಲ ಆರು ತಿಂಗಳು ಅವನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಫೋಟೊ ಸ್ಟುಡಿಯೊದಲ್ಲಿದ್ದಾಗ ಊಟದ ತಟ್ಟೆಯ ಮೇಲೆ ಬೆಳಕು ಎತ್ತಲಿಂದ ಬೀಳುತ್ತಿದೆ ಎಂದು ಹೆಂಡತಿಗೆ ಪಾಠ ಹೇಳಿದ. ಲಿಫ್ಟ್ ರಿಪೇರಿಯಲ್ಲಿದ್ದಾಗ ನೆಂಟರ ಮನೆಗೆ ಹೋದರೂ ಅಲ್ಲಿನ ಲಿಫ್ಟಿನ ಸದ್ದು ಕೇಳಿ "ಬೇರಿಂಗ್ ಹೋಗ್ತಾ ಇದೆ" ಎಂದು ತೀರ್ಪು ಕೊಟ್ಟೇ ಒಳಗೆ ಕಾಲಿಡುತ್ತಿದ್ದ. ಆಮೇಲೆ ಅಚ್ಚುಕೂಟ, ಆಮೇಲೆ ಬೀಗದ ಕಾರ್ಖಾನೆ. ಎರಡು ವರ್ಷ ತುಂಬುವ ಹೊತ್ತಿಗೆ ಮುಖ ಸಪ್ಪಗಾಗುತ್ತಿತ್ತು. ಮೂರನೆಯ ವರ್ಷಕ್ಕೆ ರಾಜೀನಾಮೆ. ಯಾರೂ ಅವನನ್ನು ತೆಗೆದು ಹಾಕಿದ್ದಿಲ್ಲ, ಯಾರೊಂದಿಗೂ ಜಗಳವಾಡಿದ್ದೂ ಇಲ್ಲ. ಅಕ್ಕನ ಗಂಡ ಅವನಿಗೆ 'ಮೂರ್ವರ್ಷ' ಎಂದೇ ಹೆಸರಿಟ್ಟಿದ್ದ.

ಐದನೆಯದು ಹಲ್ಲಿನ ಸೆಟ್ಟು ಮಾಡುವ ಕಾರ್ಯಾಗಾರ. ದಂತವೈದ್ಯರು ಬಾಯಿಯ ಅಚ್ಚು ತೆಗೆದು, ಡಬ್ಬಿಯ ಮೇಲೆ ನಂಬರು ಬರೆದು ಕಳಿಸುತ್ತಿದ್ದರು. ಇವನು ಅದಕ್ಕೆ ಪ್ಲಾಸ್ಟರ್ ಸುರಿದು ದವಡೆ ಮಾಡಿ, ಗುಲಾಬಿ ಮೇಣದಲ್ಲಿ ಒಸಡು ಕಟ್ಟಿ, ಒಂದೊಂದೇ ಹಲ್ಲು ನೆಡಬೇಕು. ಬಾಯಿಗೆ ಹೊಂದುತ್ತದೆಂದು ವೈದ್ಯರು ನೋಡಿ ಹೇಳಿದ ಮೇಲೆ ಗಟ್ಟಿ ಸೆಟ್ಟು. ಎಂದಿನಂತೆ ಮೊದಮೊದಲು ಹಬೆಯಾಡುವ ಉತ್ಸಾಹ. ಎದುರಿಗೆ ಕೂತವರ ಮಾತಿಗಿಂತ ಅವರ ಹಲ್ಲಿನ ಮೇಲೇ ಕಣ್ಣು.

ಎರಡು ವರ್ಷವಾಗಿತ್ತು. ಒಂದು ಬೆಳಿಗ್ಗೆ ಮೇಜಿನ ಮೇಲೆ ಮೇಲ್ದವಡೆಯೊಂದು ಸಿದ್ಧವಾಗಿ ಕೂತಿತ್ತು. ತಾನೇ ಮಾಡಿದ್ದು, ಮಾಡಿದ ನೆನಪು ಮಾತ್ರ ಇಲ್ಲ.

"ನನ್ನಲ್ಲೇ ಏನೋ ಐಬಿದೆ ಅನ್ಸುತ್ತೆ ಕಣೆ," ಎಂದ ಹೆಂಡತಿಯ ಮುಂದೆ.

ಅವಳು ಬಸ್ ನಿಲ್ದಾಣದಲ್ಲಿ ಟಿಕೆಟ್ ಕೊಡುವವಳು. "ನಂಗೂ ಹದಿನಾಲ್ಕು ವರ್ಷದಿಂದ ಅದೇ ಕಿಟಕಿ, ಅದೇ ಸ್ಟೂಲು. ನಾನೇನು ಕುಣ್ಕೊಂಡು ಹೋಗ್ತೀನಾ?"

"ಮತ್ತೆ ಹೆಂಗೆ ತಡ್ಕೊಂಡಿದೀಯ?"

"ತಡ್ಕೊಳೋ ಅಂಥದ್ದೇನಿದೆ? ಮನೆಗೆ ಬಂದ್ಮೇಲೆ ಅದರ ನೆನಪೇ ಇರಲ್ಲ ನಂಗೆ."

ಅವನಿಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು.

ಆ ವಾರವೇ ಡಬ್ಬಿ ತಲುಪಿಸುವವನು ರಜೆ ಹಾಕಿದ್ದರಿಂದ ಇವನೇ ಕ್ಲಿನಿಕ್ಕಿಗೆ ಹೋಗಬೇಕಾಯಿತು. ಕುರ್ಚಿಯಲ್ಲಿ ಟೆಲಿಫೋನ್ ಕಚೇರಿಯಿಂದ ನಿವೃತ್ತಳಾದ ಹೆಂಗಸೊಬ್ಬಳು. ಮೇಣದ ಸೆಟ್ಟು ಹಾಕಿಕೊಂಡು ಕನ್ನಡಿಯನ್ನು ಬಹಳ ಹೊತ್ತು ನೋಡಿದಳು.

"ಚೆನ್ನಾಗೇನೋ ಇದೆ ಡಾಕ್ಟ್ರೇ. ಆದ್ರೆ ಇದು ನನ್ ಬಾಯಲ್ಲ. ಯಾವಳೋ ಜಾಹೀರಾತಿನವಳದ್ದು."

"ನಾಲ್ಕು ದಿನ ಹೋದ್ರೆ ಅಭ್ಯಾಸ ಆಗುತ್ತಮ್ಮ."

ಬಾಗಿಲ ಬಳಿ ನಿಂತಿದ್ದ ಇವನು ತಡೆಯಲಾರದೆ ಕೇಳಿಬಿಟ್ಟ: "ಮೊದ್ಲು ಹೆಂಗಿತ್ತಮ್ಮ?"

ಅವಳು ಕೈಚೀಲ ತಡಕಿ ಹಳೆಯ ಗುರುತಿನ ಚೀಟಿ ತೆಗೆದಳು. ಫೋಟೊದಲ್ಲಿ ಮುಂದಿನ ಹಲ್ಲೊಂದು ಪಕ್ಕದ್ದರ ಹೆಗಲ ಮೇಲೆ ಕೈಹಾಕಿದ ಹಾಗೆ ಒರಗಿತ್ತು. "ಈ ಸೊಟ್ಟ ಹಲ್ಲಿಗೆ ನಮ್ಮಮ್ಮ ಎಷ್ಟು ಕೊರಗಿದ್ಲೋ!" ಎಂದು ನಕ್ಕಳು.

ಅವನು ಚೀಟಿಯನ್ನೂ ಸೆಟ್ಟನ್ನೂ ಹೊತ್ತು ವಾಪಸ್ಸು ಬಂದ. ಮೊದಲ ಸಲ ವಾಲಿಸಿದಾಗ ಹಲ್ಲು ಬಿದ್ದುಹೋಗುವಂತೆ ಕಂಡಿತು. ಎರಡನೆಯ ಸಲ ಬೇಕೆಂದೇ ಅಣಕಿಸಿದಂತಿತ್ತು. ಕಾರ್ಯಾಗಾರದ ಒಡತಿ ಹಿಂದೆ ಬಂದು ನಿಂತಳು.

"ಸೊಟ್ಟ ಹಲ್ಲು ಕೂರ್ಸೋಕೆ ಸಂಬಳ ಕೊಡ್ತಾ ಇದೀನಾ ನಾನು?" ಎಂದವಳು ಕನ್ನಡಕ ಏರಿಸಿ ಫೋಟೊ ನೋಡಿದಳು. "ತುದಿ ತಿರುಗಿಸ್ಬೇಡ ಕಣೋ. ಬುಡದಿಂದ ತಿರುಗಿಸು."

ಬುಡದಿಂದ ತಿರುಗಿಸಿದ. ಗಟ್ಟಿ ಸೆಟ್ಟು ಕೊಡುವ ದಿನ ಹಟ ಮಾಡಿ ತಾನೇ ಹೋದ. ಹೆಂಗಸು ಕನ್ನಡಿ ಕೇಳಲೇ ಇಲ್ಲ. ಅವಳ ನಾಲಿಗೆ ತಾನಾಗಿ ಆ ಹಲ್ಲಿನ ಮೂಲೆಗೆ ಹೋಯಿತು. "ಇಲ್ಲೇ ಇದೆ," ಎಂದಳು.

ಮೂರು ವಾರ ಅವನು ಗಾಳಿಯಲ್ಲಿ ತೇಲಾಡಿದ. ನಾಲ್ಕನೆಯ ವಾರ ಅದೇ ಪ್ಲಾಸ್ಟರ್ ಧೂಳು, ಅದೇ ನಂಬರುಗಳು. ಈ ಸಲ ಬೇಜಾರಿಗಿಂತ ಭಯವೇ ಹೆಚ್ಚಾಯಿತು. ಇಷ್ಟು ದೊಡ್ಡ ಸಂತೋಷವೂ ಮೂರೇ ವಾರಕ್ಕೆ ಕರಗುವುದಾದರೆ ಇನ್ನು ಆರನೆಯ ಕೆಲಸ ಹುಡುಕಿ ಏನು ಪ್ರಯೋಜನ? ಆದರೂ ಹಳೆಯ ಚಾಳಿಯಂತೆ ಎರಡು ಸಾಲಿನ ರಾಜೀನಾಮೆ ಬರೆದು ಒಡತಿಯ ಮುಂದಿಟ್ಟ.

"ಕಾರಣ ಬರ್ದಿಲ್ವಲ್ಲ?"

"ಕಾರಣ ಅಂತ ಏನಿಲ್ಲಮ್ಮ."

"ಸರಿ, ನಿಂಗೇನು ಬೇಕು ಅದನ್ನಾದ್ರೂ ಹೇಳು."

ಹಿಂದಿನ ನಾಲ್ಕು ಕೆಲಸಗಳಲ್ಲೂ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಅವನು ಕೂಡ ಕೇಳಿಕೊಂಡಿರಲಿಲ್ಲ. ತಲೆ ಕೆರೆದುಕೊಂಡ. "ನಾನ್ ಮಾಡಿದ್ದು ಯಾರ ಬಾಯಿಗೆ ಹೋಗುತ್ತೆ ಅಂತ ನೋಡ್ಬೇಕು," ಎಂದ ಕೊನೆಗೆ.

ಒಡತಿ ಕಾಗದ ಮಡಚಿದಳು. "ಪ್ರತಿ ಗುರುವಾರ ಕ್ಲಿನಿಕ್ಕಿಗೆ ಹೋಗು. ಅವತ್ತಿನ ಕೆಲಸ ಶನಿವಾರ ಹೆಚ್ಚು ಹೊತ್ತು ನಿಂತು ಮುಗಿಸು. ನಿನ್ನ ಬದಲು ನಾನೇನೂ ಮೇಣ ಕರಗಿಸಲ್ಲ, ನೆನಪಿರಲಿ."

ಇದಾಗಿ ಆರು ವರ್ಷವಾಯಿತು. ಎಲ್ಲ ಸರಿಹೋಯಿತೆಂದರೆ ಸುಳ್ಳಾದೀತು. ಬರುವವರಲ್ಲಿ ಮುಕ್ಕಾಲು ಪಾಲು ಜನಕ್ಕೆ ಜಾಹೀರಾತಿನ ಹಲ್ಲೇ ಬೇಕು. ಕೆಲವು ಗುರುವಾರ ಬೈಗುಳ ತಿಂದು ಬರುತ್ತಾನೆ. ಇನ್ನೊಮ್ಮೆ ರಾಜೀನಾಮೆ ಬರೆದು, ಎರಡು ದಿನ ಜೇಬಿನಲ್ಲಿಟ್ಟುಕೊಂಡು, ಹರಿದು ಹಾಕಿದ. ಬೇಜಾರು ಬಂದಾಗ ಮೊದಲಿನಂತೆ ಗಾಬರಿಯಾಗುವುದಿಲ್ಲ, ಅಷ್ಟೇ. ಬಂದಿದೆ, ಇರಲಿ ಎಂದುಕೊಂಡು ಹಲ್ಲು ನೆಡುತ್ತಾನೆ.

ಮೊನ್ನೆ ಒಬ್ಬ ಲಾರಿ ಚಾಲಕ ಹೊಸ ಸೆಟ್ಟು ಹಾಕಿಕೊಂಡು, "ಎಲ್ಲ ಸರಿ, ಸಿಳ್ಳೆ ಬರ್ತಾ ಇಲ್ಲ," ಎಂದು ದೂರಿದ. ವೈದ್ಯರು ನಕ್ಕರು. ಇವನು ನಗಲಿಲ್ಲ. ಸೆಟ್ಟು ಈಸಿಕೊಂಡು ಮುಂದಿನ ಎರಡು ಹಲ್ಲುಗಳ ಹಿಂಭಾಗ ಕೂದಲೆಳೆಯಷ್ಟು ಉಜ್ಜಿ ಕೊಟ್ಟ. ಮತ್ತೆ ಕೊಟ್ಟ. ಮೂರನೆಯ ಸಲಕ್ಕೆ ಸಿಳ್ಳೆ ಬಂತು. ಆ ಮನುಷ್ಯ ಮೆಟ್ಟಿಲಿಳಿಯುವವರೆಗೂ ನಿಲ್ಲಿಸಲಿಲ್ಲ. ಪಕ್ಕದ ಕೋಣೆಯಲ್ಲಿ ಹಲ್ಲು ಕೀಳಿಸಿಕೊಳ್ಳುತ್ತಿದ್ದವರೊಬ್ಬರು ಸಿಟ್ಟಿಗೆದ್ದರು.