ನಂಜೇಶ್ ಭಾವನ ಬೆಳಗಿನ ಬೆವರು

ನನ್ನ ಅಕ್ಕ ಪವಿತ್ರಳ ಗಂಡ ನಂಜೇಶ್ ನಂಜನಗೂಡಿನಲ್ಲಿ ರಸಗೊಬ್ಬರದ ಅಂಗಡಿ ಇಟ್ಟಿದ್ದಾನೆ. ಎದುರಿಗೆ ಸಿಕ್ಕಾಗ ಭಾವ ಎನ್ನುತ್ತೇನೆ, ಬಹುವಚನದಲ್ಲೇ ಮಾತಾಡಿಸುತ್ತೇನೆ. ಬೆನ್ನ ಹಿಂದೆಯೂ ಆ ಮರ್ಯಾದೆ ಕೊಡಬೇಕು ಅಂತ ನನಗೆ ಯಾವತ್ತೂ ಅನ್ನಿಸಿಲ್ಲ.

ಅವನು ದಪ್ಪಗಿದ್ದಾನೆ ಎಂದು ಆಡಿಕೊಳ್ಳುತ್ತಿಲ್ಲ. ಮೂಗೂರಿನಲ್ಲಿ ನಮ್ಮ ಅಪ್ಪ ಪುಟ್ಟಬಸವಯ್ಯನವರೂ ದಪ್ಪಗೇ ಇದ್ದರು, ಹಾಸಿಗೆ ಹಿಡಿಯುವ ತನಕ ಗದ್ದೆ ಕೆಲಸ ಬಿಟ್ಟವರಲ್ಲ. ನಂಜೇಶನ ಜಾತಿಯೇ ಬೇರೆ. ಗಲ್ಲಾದ ಹಿಂದೆ ಕೂತವನು ಕೈಯಿಂದ ಪೆನ್ನು ಜಾರಿ ಬಿದ್ದರೆ ಅದನ್ನು ಗಿರಾಕಿಯ ಕೈಯಲ್ಲಿ ಎತ್ತಿಸುತ್ತಿದ್ದ. ಮನೆಯಲ್ಲಿ ರಿಮೋಟು ಒಂದು ಮೊಳ ಆಚೆಗಿದ್ದರೆ, ಅಡುಗೆಮನೆಯಲ್ಲಿ ಹಿಟ್ಟು ಕಲಸುತ್ತಿದ್ದ ಅಕ್ಕ ಕೈ ತೊಳೆದುಕೊಂಡು ಬಂದು ಎತ್ತಿಕೊಡಬೇಕಿತ್ತು. ಇಷ್ಟರ ಮೇಲೆ, ಸಂಜೆ 'ಇವತ್ತು ಸುಸ್ತಾಯ್ತು' ಎಂದು ಕಾಲು ಬೇರೆ ಒತ್ತಿಸಿಕೊಳ್ಳುತ್ತಿದ್ದ.

ಇಂಥವನಿಗೆ ವ್ಯಾಯಾಮದ ಹುಚ್ಚು ಹಿಡಿದದ್ದು ನಮ್ಮ ಚಿಕ್ಕಪ್ಪನ ಮಗಳ ಮದುವೆಯಲ್ಲಿ. ಮೂಗೂರಿನಲ್ಲಿ ಮದುವೆ, ನೆಲದ ಮೇಲೆ ಪಂಕ್ತಿ. ನಂಜೇಶ್ ಎರಡು ಸಲ ಪಾಯಸ ಹಾಕಿಸಿಕೊಂಡು ಸುಖವಾಗಿ ಉಂಡ. ಪಂಕ್ತಿಯವರೆಲ್ಲ ಎದ್ದರು, ಅವನಿಗೆ ಏಳಲಾಗಲಿಲ್ಲ. ಒಂದು ಕೈ ಊರಿದ, ಅದು ಎಂಜಲೆಲೆಯ ಮೇಲೆ ಜಾರಿತು. ಮಂಡಿಯ ಮೇಲೆ ತಿರುಗಿದ, ಅಲ್ಲೇ ನಿಂತುಬಿಟ್ಟ. ಕೊನೆಗೆ ಇಬ್ಬರು ಕಂಕುಳಿಗೆ ಕೈಹಾಕಿ ಎತ್ತುವಾಗ ಹಿಂದಿನಿಂದ ಯಾರೋ, "ಇನ್ನೊಬ್ಬ ಬಾರ್ಲಾ, ಗೊಬ್ಬರದ ಮೂಟೆ ಇದು" ಎಂದರು. ಇಡೀ ಚಪ್ಪರ ನಕ್ಕಿತು. ನಾನೂ ನಕ್ಕೆ.

"ಕಾಲು ಜೋಮು ಹಿಡೀತು" ಎಂದು ಹೇಳಿಕೊಂಡು ಕಾರು ಹತ್ತಿದವನು ದಾರಿಯುದ್ದಕ್ಕೂ ಅಕ್ಕನನ್ನು ಬೈದನಂತೆ. ಅವಳ ಅಡುಗೆಯಿಂದಲೇ ತನಗೆ ಈ ಗತಿ ಬಂದಿತೆಂದು.

ಮುಂದಿನ ವಾರ ನನಗೆ ಫೋನು. ನರಸೀಪುರದಲ್ಲಿ ನನ್ನದು ಟಿ.ವಿ., ಡಿಶ್ ಮಾರುವ ಅಂಗಡಿ.

"ಲೇ ಅಮೃತೇಶ, ನಿನ್ನಂಗ್ಡೀಲಿ ಇರೋದ್ರಲ್ಲೆಲ್ಲಾ ದೊಡ್ ಟಿ.ವಿ. ತಗಬಾ. ವ್ಯಾಯಾಮ ಶುರು ಮಾಡ್ತಾ ಇವ್ನಿ."

"ಅದ್ಕೆ ಟಿ.ವಿ. ಯಾಕ್ ಭಾವ? ಬೆಳಿಗ್ಗೆ ಹೊಳೆ ಕಡೆ ವಾಕಿಂಗ್ ಹೋಗಿ."

"ಅಲ್ಲಿ ನನ್ ಗಿರಾಕಿಗಳೆಲ್ಲಾ ಬತ್ತಾರೆ ಕಣ್ಲಾ. ನಾನು ಏದುಸಿರು ಬುಡೋದ ಅವ್ರೆಲ್ಲಾ ನಿಂತ್ಕಂಡು ನೋಡ್ಬೇಕಾ?"

ನಾನು ವ್ಯಾಪಾರಿ. ಟಿ.ವಿ. ತಂದು ಗೋಡೆಗೆ ಕೂರಿಸಿದೆ. ಒಂದು ಚಾನೆಲ್ಲಿನಲ್ಲಿ ಬೆಳಿಗ್ಗೆ ಆರಕ್ಕೆ 'ಬೆಳಗಿನ ಬೆವರು' ಅಂತ ಕಾರ್ಯಕ್ರಮ ಬರುತ್ತಿತ್ತು. ದೀಪಕ್ ಮಾಸ್ಟರ್ ಎಂಬಾತ ಮೈಗಂಟಿದ ಬನಿಯನ್ ಹಾಕಿಕೊಂಡು, ಹಲಗೆಯಂಥ ಹೊಟ್ಟೆ ತೋರಿಸುತ್ತ, ಕುಪ್ಪಳಿಸುತ್ತ, "ಬಿಡಬೇಡಿ! ಇನ್ನೊಂದು ಸಲ! ನಿಮ್ಮ ಕೈಲಾಗುತ್ತೆ!" ಎಂದು ಕೂಗುತ್ತಿದ್ದ. ನಂಜೇಶ್ ಅವನನ್ನೇ ಗುರುವೆಂದು ಆರಿಸಿಕೊಂಡ.

ಮನೆಯ ಬೆಳಗೆಲ್ಲ ತಲೆಕೆಳಗಾಯಿತು. ಟೀಪಾಯಿ ಸರಿಸಿ ಚಾಪೆ ಹಾಸುವುದು, ಕೈಯಲ್ಲಿ ಟವೆಲ್ ಹಿಡಿದು ನಿಲ್ಲುವುದು ಅಕ್ಕನ ಪಾಲಿಗೆ ಬಂತು. ಅವನ ತಾಯಿ ರುದ್ರಮ್ಮನವರು ಆ ಹೊತ್ತಿಗೆ ನಡುಮನೆಯ ಮೂಲೆಯಲ್ಲಿ ಕೂತು ಲಿಂಗಪೂಜೆ ಮಾಡಿಕೊಳ್ಳುತ್ತಿದ್ದವರು. "ಅವ್ವ, ನೀನು ಅಡ್ಡ ಆಯ್ತೀಯ" ಎಂದು ಅವರನ್ನು ಅಡುಗೆಮನೆಯ ಅಕ್ಕಿ ಡಬ್ಬದ ಪಕ್ಕಕ್ಕೆ ಓಡಿಸಿದ. ಮುದುಕಿ ವಿಭೂತಿ ಗಟ್ಟಿ ಹಿಡಿದುಕೊಂಡು ಎದ್ದು ಹೋದರು.

ಒಂದು ವಾರ ನಿಜವಾಗಿಯೂ ಮಾಡಿದ. ಅದನ್ನು ಒಪ್ಪಿಕೊಳ್ಳುತ್ತೇನೆ. ಆಮೇಲೆ ಉತ್ಸಾಹ ಇಳಿಯಿತು. ಇಳಿದ ಉತ್ಸಾಹವನ್ನು ಏರಿಸಲು ಅವನಿಗೆ ಗೊತ್ತಿದ್ದ ದಾರಿ ಒಂದೇ, ಏನಾದರೂ ಕೊಳ್ಳುವುದು. ಬೂಟು ಕೊಂಡ, ಎರಡು ದಿನ ಕುಪ್ಪಳಿಸಿದ. ನೀಲಿ ಟ್ರ್ಯಾಕ್ ಸೂಟ್ ಬಂತು, ಮತ್ತೆರಡು ದಿನ ನಡೆಯಿತು. ಡಂಬೆಲ್ಸ್ ಬಂದವು, ಅವುಗಳ ಜೊತೆ ಫೋಟೋ ತೆಗೆಸಿಕೊಂಡ, ಅಷ್ಟೇ. ಹೆಜ್ಜೆ ಎಣಿಸುವ ವಾಚೂ ಬಂತು. ಅದನ್ನು ಕಟ್ಟಿಕೊಂಡ ಕೈಯನ್ನು ಕೂತಲ್ಲೇ ಬೀಸುತ್ತಿದ್ದರೆ ಅದೂ ಪಾಪ ನಂಬಿಕೊಂಡು ಎಣಿಸುತ್ತಿತ್ತು.

ಡಿಶ್ ರಿಪೇರಿಗೆಂದು ಹೋಗಿ ಅಲ್ಲೇ ಉಳಿದಿದ್ದ ನಾನು ಒಂದು ಬೆಳಿಗ್ಗೆ ಈ ಸಾಧನೆಯನ್ನು ಕಣ್ಣಾರೆ ಕಂಡೆ. ಟಿ.ವಿ.ಯಲ್ಲಿ ದೀಪಕ್ ಮಾಸ್ಟರ್ ಬೆವರು ಸುರಿಸುತ್ತಿದ್ದ. ನಂಜೇಶ್ ಟ್ರ್ಯಾಕ್ ಸೂಟ್, ಬೂಟು ಎಲ್ಲ ತೊಟ್ಟು ಸೋಫಾದಲ್ಲಿ ಒರಗಿ ಕಾಫಿಗೆ ನಿಪ್ಪಟ್ಟು ಅದ್ದಿ ತಿನ್ನುತ್ತಿದ್ದ. ಮಾಸ್ಟರ್ "ಕೈ ಮೇಲೆ!" ಎಂದಾಗ ಇವನೂ ಕೈ ಎತ್ತಿದ, ಅದರಲ್ಲಿ ಅರ್ಧ ನಿಪ್ಪಟ್ಟಿತ್ತು. "ಕೆಳಗೆ!" ಎಂದಾಗ ಅದು ಬಾಯಿಗೆ ಹೋಯಿತು.

"ಭಾವ, ಎದ್ದು ಮಾಡಲ್ವಾ?" ಎಂದೆ.

"ಮೊದ್ಲು ಗಮನ ಇಟ್ಟು ನೋಡ್ಬೇಕು ಕಣ್ಲಾ. ಮನಸ್ಸು ಕಲ್ತ್ರೆ ಮೈ ತಾನಾಗೇ ಕಲೀತದೆ. ಅವಸರ ಮಾಡಿ ಮಾಡೋರೇ ಮಧ್ಯದಲ್ಲಿ ಬುಟ್ಬುಡೋದು."

ಕಾರ್ಯಕ್ರಮ ಮುಗಿದ ಮೇಲೆ ಟವೆಲ್ ತೆಗೆದುಕೊಂಡು ಒಣಗಿದ ಹಣೆ ಒರೆಸಿಕೊಂಡ.

ಮನೆಯಲ್ಲಿ ಮಾಡದ್ದನ್ನು ಅಂಗಡಿಯಲ್ಲಿ ಬೋಧಿಸುತ್ತಿದ್ದ. ಕಳಲೆಯಿಂದ ಯೂರಿಯಾ ಒಯ್ಯಲು ಬಂದ ಮಾದಪ್ಪ ಎಂಬ ರೈತನನ್ನು ನನ್ನ ಎದುರೇ ನಿಲ್ಲಿಸಿಕೊಂಡು, "ಬೆಳಿಗ್ಗೆ ಎದ್ದು ಏನಾದ್ರೂ ವ್ಯಾಯಾಮ ಮಾಡ್ತೀಯೇನಯ್ಯ?" ಎಂದು ಕೇಳಿದ.

"ಎಲ್ಲಿ ಸಾ, ಗದ್ದೆಗೆ ನೀರ್ ಕಟ್ಟಕ್ಕೆ ಓಗ್ಬೇಕಲ್ಲ."

"ಅದೇ ನೋಡು ನಿಮ್ ತಪ್ಪು. ಸರೀರಕ್ಕೂ ಒಸಿ ಟೈಮ್ ಕೊಡ್ಬೇಕು. ನನ್ನ ನೋಡು."

ಮಾದಪ್ಪ ನೋಡಿದ. "ಆಯ್ತು ಸಾ" ಎಂದು ಮೂಟೆಯನ್ನು ಹೆಗಲಿಗೇರಿಸಿಕೊಂಡು ಹೋದ.

ಇದರಲ್ಲಿ ನನಗೆ ನಗು ಬಾರದ ಸಂಗತಿಯೂ ಒಂದಿತ್ತು. ಅಕ್ಕನಿಗೆ ಮಂಡಿನೋವು. ದಿನಾ ನಡೆಯಬೇಕು, ಕೈಕಾಲು ಆಡಿಸಬೇಕು ಎಂದು ಡಾಕ್ಟರು ಹೇಳಿದ್ದರು. ಅವನು ಮಲಗಿದ್ದ ಒಂದು ದಿನ ಅವಳೇ ಟಿ.ವಿ. ಹಾಕಿಕೊಂಡು, ಸೀರೆಯ ಸೆರಗು ಸಿಕ್ಕಿಸಿ, ಮಾಸ್ಟರ್ ಹೇಳಿದಂತೆ ಮಾಡತೊಡಗಿದ್ದಳಂತೆ. ನಂಜೇಶ್ ಕಣ್ಣುಜ್ಜಿಕೊಂಡು ಹೊರಗೆ ಬಂದವನೇ, "ಇದೇನೇ ಕುಣಿತ? ಅಕ್ಕಪಕ್ಕದೋರು ನೋಡಿದ್ರೆ ಏನಂದಾರು? ಎಂಗಸ್ರಿಗೆ ಮನೆಕೆಲ್ಸನೇ ವ್ಯಾಯಾಮ. ಕಾಫಿ ತಗಬಾ ಓಗು" ಎಂದ. ಆಮೇಲೆ ಅವಳು ಆ ತಂಟೆಗೆ ಹೋಗಲಿಲ್ಲ.

ಹೀಗಿರುವಾಗ ಚಾನೆಲ್ಲಿನವರು ಒಂದು ಪ್ರಕಟಣೆ ಹಾಕಿದರು. ಕಾರ್ಯಕ್ರಮ ನೋಡಿ ತೂಕ ಇಳಿಸಿಕೊಂಡವರು ಮೊದಲಿನದೊಂದು, ಈಗಿನದೊಂದು ಫೋಟೋ ಕಳಿಸಬೇಕು, ಆಯ್ಕೆಯಾದವರ ಮನೆಗೆ ದೀಪಕ್ ಮಾಸ್ಟರೇ ಬರುತ್ತಾರೆ ಎಂದು. ನಂಜೇಶ್ ಮಾಡಿದ್ದನ್ನು ಕೇಳಿ. ಈಗಿನ ತನ್ನ ಫೋಟೋವನ್ನು 'ಮೊದಲು' ಎಂದು ಕಳಿಸಿದ. ಮದುವೆಯಾದ ಹೊಸದರಲ್ಲಿ ಮುಡುಕುತೊರೆ ಬೆಟ್ಟದ ಮೇಲೆ ತೆಗೆಸಿಕೊಂಡಿದ್ದ, ಕಡ್ಡಿಯಂತಿದ್ದ ಫೋಟೋವನ್ನು 'ಈಗ' ಎಂದು ಕಳಿಸಿದ. ಆ ಫೋಟೋದಲ್ಲಿ ಪಕ್ಕದಲ್ಲೇ ಅಕ್ಕ ನಿಂತಿದ್ದಳು. ಅವಳನ್ನು ಕತ್ತರಿಸಿ ತೆಗೆದ.

ಕಳಿಸುವಾಗ, ಇದನ್ನೆಲ್ಲ ಯಾರು ನೋಡುತ್ತಾರೆ ಎಂದುಕೊಂಡಿದ್ದನೇನೋ. ಭಾನುವಾರ ಬರುತ್ತೇವೆ ಎಂದು ಫೋನು ಬಂದಾಗ ಮುಖದಲ್ಲಿ ರಕ್ತವಿರಲಿಲ್ಲ. ಶನಿವಾರ ಇಡೀ ದಿನ ಬರೀ ಮಜ್ಜಿಗೆ ಕುಡಿದ. ಒಂದು ದಿನದ ಮಜ್ಜಿಗೆಯಿಂದ ಇಷ್ಟು ವರ್ಷದ ಹೊಟ್ಟೆ ಕರಗುತ್ತದೆಂದು ನಂಬಿದ ಮನುಷ್ಯ ಅವನೊಬ್ಬನೇ ಇರಬೇಕು. ಧೈರ್ಯಕ್ಕೆಂದು ನನ್ನನ್ನೂ ಕರೆಸಿಕೊಂಡ.

"ಯಾರಾದ್ರೂ ಕೇಳಿದ್ರೆ, ಜ್ವರದ್ ಮಾತ್ರೆ ತಗಂಡು ಮೈ ಊದ್ಕಂಡದೆ ಅಂತ ಯೋಳು" ಎಂದು ಅಕ್ಕನಿಗೆ ಪಾಠ ಒಪ್ಪಿಸಿದ. ಅಕ್ಕ ನಾಳೆಯ ವಡೆಗೆ ಉದ್ದು ನೆನೆಹಾಕಲು ಒಳಗೆ ಹೋದಳು.

ಭಾನುವಾರ ಕಾರು ಬಂತು. ಕ್ಯಾಮೆರಾದವನು ಇಳಿದ. ಹಿಂದಿನ ಸೀಟಿನಿಂದ ಮೊದಲು ಒಂದು ಹೊಟ್ಟೆ ಇಳಿಯಿತು, ಆಮೇಲೆ ಅದರ ಒಡೆಯ. ನೋಡಿದರೆ ದೀಪಕ್ ಮಾಸ್ಟರ್! ದಿನಾ ಬೆಳಿಗ್ಗೆ ಬರುತ್ತಿದ್ದದ್ದು ಎಷ್ಟೋ ವರ್ಷಗಳ ಹಿಂದೆ ಚಿತ್ರೀಕರಿಸಿದ ಕಂತುಗಳಂತೆ, ಚಾನೆಲ್ಲಿನವರು ಅವನ್ನೇ ತಿರುಗಾ ಮುರುಗಾ ಹಾಕುತ್ತಿದ್ದರು. ಮನೆಯ ಮುಂದಿನ ನಾಲ್ಕು ಮೆಟ್ಟಿಲನ್ನು ಮಾಸ್ಟರ್ ಕಂಬಿ ಹಿಡಿದುಕೊಂಡು ಹತ್ತಿದ. ಬಾಗಿಲಲ್ಲಿ ಕೈಮುಗಿದು ನಿಂತಿದ್ದ ನಂಜೇಶ್ ಅವನ ಹೊಟ್ಟೆ ನೋಡಿದ, ಅವನು ಇವನ ಹೊಟ್ಟೆ ನೋಡಿದ. ಇಬ್ಬರ ಮುಖದಲ್ಲೂ ಒಮ್ಮೆಗೇ ನೆಮ್ಮದಿ ಕಾಣಿಸಿಕೊಂಡಿತು. ಜ್ವರದ ಮಾತ್ರೆಯ ಮಾತೇ ಬರಲಿಲ್ಲ.

"ಏನೂ ಯೋಚನೆ ಮಾಡ್ಬೇಡಿ ಸಾರ್" ಎಂದ ಮಾಸ್ಟರ್, ಸೋಫಾದಲ್ಲಿ ಕುಸಿಯುತ್ತ. "ಎದೆಯಿಂದ ಮೇಲಕ್ಕೆ ಮಾತ್ರ ತೋರಿಸೋಣ. ಕೈ ಎತ್ತಿ ಇಳಿಸಿ, ಸಾಕು."

ಇಬ್ಬರೂ ಅಕ್ಕಪಕ್ಕ ಕೂತು ಇಡ್ಲಿ, ವಡೆ, ಕೇಸರಿಬಾತ್ ತಿಂದರು. ಆಮೇಲೆ ನಂಜೇಶ್ ಕ್ಯಾಮೆರಾದ ಮುಂದೆ ಕೈ ಎತ್ತಿ ಇಳಿಸಿದ. ಮುಖಕ್ಕೆ ನೀರು ಚಿಮುಕಿಸಿ ಬೆವರು ಮಾಡಿದರು. ಎಲ್ಲ ಮುಗಿಯಿತು ಎನ್ನುವಾಗ ಮಾಸ್ಟರ್ ಅಕ್ಕನನ್ನು ಕರೆದು, "ಮೇಡಂ, ನಿಮ್ಮ ಯಜಮಾನರಲ್ಲಿ ಆಗಿರೋ ಬದಲಾವಣೆ ಬಗ್ಗೆ ಎರಡು ಮಾತು" ಎಂದ.

ಅಕ್ಕ ಸೆರಗು ಸರಿಮಾಡಿಕೊಂಡು ಕ್ಯಾಮೆರಾವನ್ನೇ ನೇರವಾಗಿ ನೋಡಿದಳು.

"ಏನೂ ಬದ್ಲಾಗಿಲ್ಲ ಸಾ. ದಿನಾ ಸೋಫಾ ಮೇಲೆ ಕೂತ್ಕಂಡು ನಿಮ್ಮನ್ನ ನೋಡ್ತಾರೆ. ನಾನು ಕಾಫಿ ಕೊಡ್ತೀನಿ, ನಿಪ್ಪಟ್ಟು ಕೊಡ್ತೀನಿ. ನೀವು ಟಾಟಾ ಅಂದ್ಮೇಲೆ ಟವೆಲ್ ಕೊಡ್ತೀನಿ. ನೀವು ಕಳಿಸ್ಕಂಡಿರೋ ಫೋಟೋ ನಮ್ ಮದ್ವೆ ಆದ ವರ್ಸದ್ದು. ಅದ್ರಲ್ಲಿ ನಾನೂ ಇದ್ದೆ."

ಅಡುಗೆಮನೆಯಿಂದ ರುದ್ರಮ್ಮನವರು ನಕ್ಕದ್ದು ಕೇಳಿಸಿತು.

"ತಮಾಷೆ ಮಾಡ್ತಾಳೆ ಸಾ ಇವ್ಳು" ಎಂದ ನಂಜೇಶ್. ಈ ಸಲ ನಿಜವಾದ ಬೆವರೇ ಬಂದಿತ್ತು.

"ಪರವಾಗಿಲ್ಲ, ಎಡಿಟಿಂಗ್‌ನಲ್ಲಿ ನೋಡ್ಕೋತೀವಿ" ಎಂದ ಮಾಸ್ಟರ್, ಇನ್ನೊಂದು ವಡೆ ಕೈಗೆತ್ತಿಕೊಂಡು.

ನೋಡಿಕೊಂಡರು ಕೂಡ. ಕಾರ್ಯಕ್ರಮ ಪ್ರಸಾರವಾದ ದಿನ ನಾನು ನನ್ನ ಅಂಗಡಿಯಲ್ಲೇ ನೋಡಿದೆ. ಅಕ್ಕನ ತುಟಿ ಆಡುತ್ತಿತ್ತು, ದನಿ ಇರಲಿಲ್ಲ. ಬದಲಿಗೆ ಕೊಳಲಿನ ಸಂಗೀತ. ಕೆಳಗೆ ದಪ್ಪ ಅಕ್ಷರದಲ್ಲಿ 'ನನ್ನ ಗಂಡನೇ ನನ್ನ ಹೆಮ್ಮೆ' ಎಂದು ಬಂತು. ನನಗೆ ಟಿ.ವಿ. ಎತ್ತಿ ಬೀದಿಗೆ ಎಸೆಯಬೇಕೆನ್ನಿಸಿತು, ಮಾರುವ ಮಾಲು ಎಂದು ಸುಮ್ಮನಾದೆ.

ನಂಜನಗೂಡಿನವರ ಬಗ್ಗೆಯೂ ಹೇಳಬೇಕು. ದಿನಾ ಆ ಹೊಟ್ಟೆಯನ್ನು ಎದುರಿಗೇ ನೋಡುವ ಜನ, "ಬಾಳ ಚೆನ್ನಾಗಿ ಬಂದದೆ ಸಾ, ಎಂಗ್ ಇಳಿಸ್ಬುಟ್ರಿ!" ಎಂದು ಅಂಗಡಿಗೆ ಬಂದು ಕೈಕುಲುಕಿದರು. ಕಣ್ಣ ಮುಂದಿದ್ದವನನ್ನು ಬಿಟ್ಟು ಟಿ.ವಿ.ಯಲ್ಲಿದ್ದವನನ್ನು ನಂಬಿದರು. ಕೆಲವು ವ್ಯಾಪಾರಿಗಳು ಸೇರಿ ಮೈಸೂರು ಪೇಟ ತೊಡಿಸಿ, ಶಾಲು ಹೊದಿಸಿ ಸನ್ಮಾನವನ್ನೂ ಮಾಡಿದರು. ಛಲ ಬಿಡಬಾರದು ಎಂಬುದರ ಮೇಲೆ ಅವನು ಅರ್ಧ ಗಂಟೆ ಭಾಷಣ ಕೊರೆದ. ಅಲ್ಲಿಂದಾಚೆಗೆ ಆರು ಗಂಟೆಗೆ ಏಳುವುದನ್ನೂ ಬಿಟ್ಟ. ಸಾಧಿಸಿಯಾಗಿತ್ತಲ್ಲ.

ಎದ್ದವಳು ಅಕ್ಕ. ಸನ್ಮಾನದ ಮಾರನೆಯ ಬೆಳಿಗ್ಗೆ ಚಪ್ಪಲಿ ಮೆಟ್ಟಿ ಹೊರಟಳಂತೆ. ಗೇಟಿನ ಸದ್ದಿಗೆ ಎಚ್ಚರಗೊಂಡ ನಂಜೇಶ್ ಕಿಟಕಿಯಿಂದ ಕೂಗಿದ.

"ಎಲ್ಲಿಗೋಯ್ತಿದ್ದೀಯೆ? ಕಾಫಿ?"

"ಡಿಕಾಕ್ಷನ್ ಐತೆ, ಹಾಲೈತೆ, ಕಾಯಿಸ್ಕಳಿ. ನಾನು ವಾಕಿಂಗ್ ಓಗ್ಬತ್ತೀನಿ."

ಅವನು ಏನೋ ಹೇಳಲು ಬಾಯಿ ತೆರೆದ. ಎದುರು ಮನೆಯ ಶಾಂತಿ ರಂಗೋಲಿ ಬಿಡುತ್ತಿದ್ದವಳು ತಲೆಯೆತ್ತಿ, "ನಿಮ್ಮೆಜಮಾನ್ರನ್ನ ನೋಡಿ ನಂಗೂ ಮನಸಾಗದೆ, ತಡೀರಿ, ನಾನೂ ಬತ್ತೀನಿ" ಎಂದಳು. ನಂಜೇಶ್ ತೆರೆದ ಬಾಯಿ ಮುಚ್ಚಿಕೊಂಡು ಒಳಗೆ ಹೋದ. ನಡುಮನೆಯಲ್ಲಿ ರುದ್ರಮ್ಮನವರು ತಮ್ಮ ಹಳೆಯ ಮೂಲೆಯಲ್ಲಿ ಪೂಜೆಗೆ ಕೂತಿದ್ದರು. "ಕಾಯಿಸೋದಾದ್ರೆ ನಂಗೂ ಒಂದ್ ಲೋಟ ಮಡಗಪ್ಪ" ಎಂದರು.

ಈಗ ಅಕ್ಕ, ಶಾಂತಿ ಇಬ್ಬರೂ ದಿನಾ ಕಪಿಲಾ ಹೊಳೆಯ ದಡದುದ್ದಕ್ಕೂ ನಡೆಯುತ್ತಾರೆ. ಅಕ್ಕನ ಮಂಡಿನೋವು ಎಷ್ಟೋ ವಾಸಿ. ನಂಜೇಶ್ ಗಲ್ಲಾದ ಹಿಂದೆ ಕೂತು, "ನಮ್ಮನೆಯೋಳ್ನ ನಾನೇ ಬಲವಂತ ಮಾಡಿ ಕಳಿಸೋದು. ಅವಳಿಗೆ ನಾನೇ ಸ್ಫೂರ್ತಿ" ಎಂದು ಬಂದವರಿಗೆಲ್ಲ ಹೇಳುತ್ತಾನೆ.

ಹೋದ ತಿಂಗಳು ಅವಳ ಜೊತೆ ನಾನೂ ಹೊಳೆ ಕಡೆ ಹೋಗಿದ್ದೆ. ನನಗೆ ತಡೆಯಲಾಗಲಿಲ್ಲ.

"ಅವ್ರು ಅಂಗೆಲ್ಲಾ ಹೇಳ್ಕೊಂಡ್ ತಿರುಗ್ತಾರೆ, ನೀನು ಸುಮ್ನೆ ಇದ್ದೀಯಲ್ಲಕ್ಕ? ನಾಚ್ಕೆ ಆಗಲ್ವಾ?"

"ಯೋಳ್ಕಳ್ಳಿ ಬುಡೋ" ಎಂದಳು, ನಡಿಗೆ ನಿಲ್ಲಿಸದೆ. "ಅಂಗೆ ಯೋಳ್ಕಂಡಿರೋಗಂಟ ನನ್ನ ಓಗ್ಬೇಡ ಅನ್ನಕ್ಕೆ ಅವ್ರಿಗೆ ಬಾಯಿಲ್ಲ. ನೀನೊಸಿ ಬಿರ್ನೆ ನಡಿ, ಶಾಂತಿ ಆಗ್ಲೇ ಸೇತುವೆ ದಾಟ್ಬುಟ್ಳು."