ಗೊರಕೆಯ ಮೇಲೆ ನಿಂತ ಹಾಸಿಗೆ ಅಂಗಡಿ

ಬೆಳಗಿನ ಜಾವ. ಹಾಲಿನವನ ಸೈಕಲ್ ಬಿಟ್ಟರೆ ಬೀದಿಯಲ್ಲಿ ಬೇರೆ ಸದ್ದಿಲ್ಲ. ಅರ್ಧ ಎತ್ತಿದ ಷಟರ್ ಕೆಳಗೆ ಬಗ್ಗಿ ನೋಡಿದರೆ, ಹಾಸಿಗೆ ಅಂಗಡಿಯ ನಟ್ಟನಡುವೆ ಹೆಂಗಸೊಬ್ಬರು ಹೊಸ ಹಾಸಿಗೆಯ ಮೇಲೆ ಅಂಗಾತ ಮಲಗಿದ್ದಾರೆ. ಕಣ್ಣುಗಳು ಮಾತ್ರ ಪಿಳಿಪಿಳಿ ಅನ್ನುತ್ತಿವೆ. ಹತ್ತಿ ಮೂಟೆಯ ಹಿಂದಿನಿಂದ ಗಂಡ ಬೆಕ್ಕಿನ ಹೆಜ್ಜೆಯಲ್ಲಿ ಬಂದು ಹಣಕುತ್ತಾರೆ.

"ಬಂತಾ?"

"ಎಲ್ಲಿ ಬರುತ್ತೆ? ನೀವು ಹೀಗೆ ಬಂದು ಬಂದು ಕೇಳ್ತಿದ್ರೆ."

ಇದು ಸೋಮಾರಿತನವಲ್ಲ, ಈ ಮನೆಯ ಸೊಸೆಯ ದಿನದ ಮೊದಲ ಕೆಲಸ. ಹೊಲಿದ ಹಾಸಿಗೆಯ ಮೇಲೆ ಮಲಗಿ ನೋಡದೆ ಗಿರಾಕಿಗೆ ಕೊಡುವ ಪದ್ಧತಿ ಇಲ್ಲಿಲ್ಲ. ನಿದ್ದೆ ಬಂದರೆ ಹಾಸಿಗೆ ಪಾಸು. ಆದರೆ ಒಂದು ವರ್ಷದಿಂದ ಸೊಸೆಗೆ ನಿದ್ದೆಯೇ ಹತ್ತುತ್ತಿಲ್ಲ.

ಪದ್ಧತಿ ಅತ್ತೆಯದು. ಬೀದಿಗೆಲ್ಲ ಅವರು ಗೊರಕೆಯಮ್ಮ. ಗಂಡ ತೀರಿಕೊಂಡಾಗ ಕಂಕುಳಲ್ಲೊಂದು ಮಗು, ಕೈ ಹಿಡಿದುಕೊಂಡು ಇನ್ನೊಂದು. ಹತ್ತಿ ಬಡಿಯುವ ಕೋಲು ಹಿಡಿದ ಹೆಂಗಸನ್ನು ನಂಬಿ ಹಾಸಿಗೆ ಮಾಡಿಸಲು ಯಾರೂ ಮುಂದೆ ಬರಲಿಲ್ಲ. ಒಂದು ದಿನ ಗಿರಾಕಿಯೊಬ್ಬರು ಚೌಕಾಸಿ ಮಾಡುತ್ತಾ ನಿಂತಿದ್ದಾಗ ಅತ್ತೆ "ನಾನು ಮಲಗಿ ತೋರಿಸ್ತೀನಿ, ಆಮೇಲೆ ಹೇಳಿ" ಎಂದು ಒರಗಿದವರು ಗೊರಕೆ ಹೊಡೆದೇಬಿಟ್ಟರು. ಗಿರಾಕಿ ಬಾಯಿ ಮುಚ್ಚಿಕೊಂಡು ಕೇಳಿದಷ್ಟು ಕೊಟ್ಟು ಹೋದರು. ಅಂದಿನಿಂದ ಗೊರಕೆಯೇ ಅಂಗಡಿಯ ಮೊಹರು. ಎದುರಿನ ಗಡಿಯಾರ ರಿಪೇರಿಯವರು ಆ ಗೊರಕೆ ಕೇಳಿಯೇ ಊಟಕ್ಕೆ ಏಳುತ್ತಿದ್ದರಂತೆ, ಅಂಗಡಿ ತುಂಬ ಗಡಿಯಾರ ಇಟ್ಟುಕೊಂಡು.

ಪರೀಕ್ಷೆಗೆ ಮಲಗಿದವರನ್ನು ಎಬ್ಬಿಸಬಾರದು, ತಾವೇ ಏಳಬೇಕು. ಇದು ಅತ್ತೆಯ ಕಟ್ಟಪ್ಪಣೆ. ಒಮ್ಮೆ ಅವಸರದ ಆರ್ಡರ್ ಇತ್ತು. ತಳ್ಳುಗಾಡಿಯವನು ನೋಡುತ್ತಾನೆ, ಹಾಸಿಗೆಯ ಮೇಲೆ ಯಜಮಾನಿ. ಎಬ್ಬಿಸಿದರೆ ಬೈಗುಳ, ತಡವಾದರೂ ಬೈಗುಳ. ಅವನೂ ಅಂಗಡಿಯ ಹುಡುಗರೂ ಸೇರಿ ಹಾಸಿಗೆಯ ಸಮೇತ ಅತ್ತೆಯನ್ನು ಗಾಡಿಗೆ ಏರಿಸಿದರು. ಮಾರ್ಕೆಟ್ಟಿನ ನಡುವೆ ಗೊರಕೆಯ ಮೆರವಣಿಗೆ ಸಾಗಿತು. ಗಿರಾಕಿಯ ಬಾಗಿಲಲ್ಲಿ ಎಚ್ಚರವಾದ ಅತ್ತೆ ಅತ್ತಿತ್ತ ನೋಡಿ, ಕೂದಲು ಸರಿಮಾಡಿಕೊಂಡು, "ಹಾಸಿಗೆ ಚೆನ್ನಾಗಿದೆ, ಇಳಿಸ್ಕೊಳ್ಳಿ" ಎಂದರಂತೆ.

ಇಂಥವರು ಮನೆಯಲ್ಲಿ ಮಲಗುತ್ತಿದ್ದುದು ಚಾಪೆಯ ಮೇಲೆ. ಹೊಸದಾಗಿ ಬಂದ ಸೊಸೆ ಕನಿಕರಪಟ್ಟು ಹಾಸಿಗೆ ಹಾಸಲು ಹೋದರೆ ಸಿಡುಕಿದರು. "ದಿನವಿಡೀ ಹಾಸಿಗೆ ಮೇಲೆ ದುಡಿದು ಬಂದಿದ್ದೀನಿ. ಮನೇಲೂ ಕೆಲಸ ಮಾಡಿಸ್ತೀಯಾ?"

ಹೋದ ವರ್ಷದ ಒಂದು ಮಧ್ಯಾಹ್ನ ಹಲ್ಲಿನ ಡಾಕ್ಟರಿಗೆಂದು ಹೊಲಿದ ಹಾಸಿಗೆಯನ್ನು ಪರೀಕ್ಷಿಸಲು ಮಲಗಿದ ಅತ್ತೆ ಮತ್ತೆ ಏಳಲಿಲ್ಲ. ಗೊರಕೆ ನಿಂತದ್ದನ್ನು ಸೊಸೆ ಗಮನಿಸಿದ್ದರು. ಇವತ್ತಿನದು ಎಷ್ಟು ಒಳ್ಳೆಯ ಹಾಸಿಗೆಯಪ್ಪ, ಗೊರಕೆಯೂ ಬೇಡವಾಯಿತಲ್ಲ ಅಂದುಕೊಂಡು, ಸದ್ದಾಗದಂತೆ ಸೂಜಿಗೆ ದಾರ ಪೋಣಿಸುತ್ತಾ ಕೂತಿದ್ದರು. ಸಂಜೆಯವರೆಗೂ ಯಾರೂ ಎಬ್ಬಿಸಲಿಲ್ಲ. ಇದನ್ನು ಹೇಳುವಾಗ ಸೊಸೆ ನಗಲು ಹೋಗಿ ಅಳುತ್ತಾರೆ, ಅತ್ತದ್ದಕ್ಕೆ ನಾಚಿ ಮತ್ತೆ ನಗುತ್ತಾರೆ. ಅತ್ತೆ ಇಲ್ಲದ ಅಂಗಡಿ ಅವರಿಗೆ ಇನ್ನೂ ಅಭ್ಯಾಸವಾಗಿಲ್ಲ.

ಗಿರಾಕಿಗಳೇನು ಸುಮ್ಮನಿರುತ್ತಾರೆಯೇ? ಮಲಗಿ ನೋಡಿದಿರಾ, ನಿದ್ದೆ ಬಂತಾ ಎಂದು ಕೇಳುತ್ತಾರೆ. ಬರಲಿಲ್ಲ ಎಂದು ಸೊಸೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಾರೆ, ಅವರು ಮುಂದಿನ ಬೀದಿಯ ಫೋಮ್ ಅಂಗಡಿಗೆ ಹೋಗುತ್ತಾರೆ. ಬಂತು ಅಂದರೆ ನಿನ್ನ ಗಂಟೇನು ಹೋಗುತ್ತೆ ಎಂದು ಗಂಡ ತಲೆ ಚಚ್ಚಿಕೊಳ್ಳುತ್ತಾರೆ. ಅವರೇ ಮಲಗಬಹುದಿತ್ತು. ಆದರೆ ಆ ಮಹಾಶಯರು ಬಸ್ಸಿನ ಕಂಬಿ ಹಿಡಿದು ನಿಂತೇ ನಿದ್ದೆ ಹೊಡೆಯುವವರೆಂದು ಊರಿಗೆಲ್ಲ ಗೊತ್ತು, ಅವರ ಸರ್ಟಿಫಿಕೇಟು ಯಾರಿಗೂ ಬೇಡ.

ಡಾಕ್ಟರಿಗೆ ಆಗಲೇ ಬೇರೆ ಹಾಸಿಗೆ ಮಾಡಿಕೊಟ್ಟಿದ್ದರು. ಅತ್ತೆ ಕೊನೆಯದಾಗಿ ಮಲಗಿದ್ದನ್ನು ಮಾರಲು ಮನಸ್ಸು ಬಾರದೆ ಗೋಡೆಗೆ ಒರಗಿಸಿಟ್ಟಿದ್ದರು. ಹೋದ ತಿಂಗಳು ಹತ್ತಿ ಸಾಲದೆ ಸೊಸೆ ಅದನ್ನೇ ಬಿಚ್ಚಿದರು. ಸರಿಯಾಗಿ ಬೆನ್ನು ಬರುವ ಜಾಗದಲ್ಲಿ, ಬಡಿಯದೆ ಹಾಗೇ ತುಂಬಿದ ಮುಷ್ಟಿ ಗಾತ್ರದ ಹತ್ತಿ ಗಂಟು. ತುಂಬಿದವರು ಸ್ವತಃ ಸೊಸೆಯೇ, ಅವಸರದಲ್ಲಿ. ಅನುಮಾನ ಹೊಕ್ಕಿತು. ರಿಪೇರಿಗೆ ಬಂದಿದ್ದ ಹಳೆಯ ಹಾಸಿಗೆಗಳನ್ನು ಬಿಚ್ಚಿದರೆ ಅವುಗಳಲ್ಲೂ ಅಲ್ಲಲ್ಲಿ ಗಂಟು. ಎಲ್ಲವೂ ಗೊರಕೆಯಿಂದ ಪಾಸಾದವೇ.

ಅಂದರೆ ಅತ್ತೆಯ ಪರೀಕ್ಷೆ ಪರೀಕ್ಷೆಯೇ ಅಲ್ಲ. ಕಲ್ಲು ಚಪ್ಪಡಿ ಹಾಸಿದ್ದರೂ ಅವರು ಗೊರಕೆ ಹೊಡೆಯುತ್ತಿದ್ದರು. ಚಿಂತೆ ಇಲ್ಲದವರಿಗೆ ಸಂತೆಯಲ್ಲೂ ನಿದ್ದೆ ಎಂದು ಬೀದಿ ಆಡಿಕೊಳ್ಳುತ್ತಿತ್ತು. ಅತ್ತೆಯ ಮಟ್ಟಿಗೆ ಗಾದೆ ಪೂರಾ ಸುಳ್ಳು.

ಅಂಗಡಿಯ ಬಗ್ಗೆ ಬರೆಯಲು ಪತ್ರಿಕೆಯಿಂದ ಬಂದವರ ಎದುರು ಸೊಸೆ ಇದನ್ನು ಹೇಳತೊಡಗಿದಾಗ ಗಂಡನ ಕೈಯಿಂದ ಕೋಲು ಜಾರುತ್ತದೆ. ದಯವಿಟ್ಟು ಬರೆಯಬೇಡಿ, ಇರುವ ನಾಲ್ಕು ಗಿರಾಕಿಗಳೂ ಹೋಗುತ್ತಾರೆ, ಅಮ್ಮನ ಹೆಸರು ಮಣ್ಣುಪಾಲಾಗುತ್ತದೆ ಎಂದು ಕೈಮುಗಿಯುತ್ತಾರೆ. ಹಾಸಿಗೆ ಒಯ್ಯಲು ಬಂದ ಗಿರಾಕಿಯೊಬ್ಬರು ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದಾರೆ. ಹಾಗಾದರೆ ನನ್ನದನ್ನು ನೋಡಿದವರು ಯಾರು ಎನ್ನುತ್ತಾರೆ.

"ನಾನೇ. ನನಗೆ ನಿದ್ದೆ ಬರಲ್ಲ, ಒಂದೊಂದು ಗಂಟೂ ಚುಚ್ಚುತ್ತೆ. ನಿಮ್ಮದನ್ನ ಎರಡು ಸಲ ಬಿಚ್ಚಿ ತುಂಬಿದ್ದೀನಿ. ಬೇಕಾದ್ರೆ ಒಯ್ಯಿರಿ, ಬೇಡದಿದ್ರೆ ಬಿಡಿ."

ಗಿರಾಕಿ ಹಾಸಿಗೆಯ ಮೇಲೆ ಅಂಗೈ ಆಡಿಸುತ್ತಾರೆ, ಮೂಲೆ ಒತ್ತುತ್ತಾರೆ. ಆಮೇಲೆ ಒಂದು ತುದಿ ಎತ್ತುತ್ತಾರೆ. ಇನ್ನೊಂದು ತುದಿಗೆ ಗಂಡ ಓಡುತ್ತಾರೆ.

ಸೊಸೆ ಮುಂದಿನ ಹಾಸಿಗೆಗೆ ಹತ್ತಿ ಎಳೆದುಕೊಂಡು ಕೂರುತ್ತಾರೆ.

"ಬರೀರಿ ನೀವು. ಇಡೀ ಬೀದಿ ಅವರ ಗೊರಕೆ ಕೇಳಿ ನಕ್ಕಿದೆ, ನಾನೂ ನಕ್ಕಿದ್ದೀನಿ. ಪಾಪ, ಎಷ್ಟು ಸುಸ್ತಾಗಿದೆಯೋ ಅಂತ ಒಬ್ರೂ ಅನ್ನಲಿಲ್ಲ."